ಮನೆಯ ಹಿರಿಯರಿಗೆ ಸಹಾಯ: ಯಾವ ಬಾಗಿಲು ತಟ್ಟಬೇಕು?



ಈ ಪಾಠವನ್ನು ಬರೆಯಲು ಕಾರಣ ನಾನೇ ಮಾಡಿದ ಒಂದು ತಪ್ಪು. ನಾನು ವಕೀಲನಲ್ಲ, ವೈದ್ಯನೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವವನು. ರಜೆಯ ದಿನ ವಾಚನಾಲಯದಲ್ಲಿ ಕುಳಿತು, ಬೇಕಾದವರಿಗೆ ಮರಾಠಿಯ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಅಷ್ಟರಿಂದಲೇ ಎಲ್ಲ ತಿಳಿಯಿತೆಂಬ ಭ್ರಮೆ ನನಗೆ ಹುಟ್ಟಿತ್ತು.

ಖಾರ್‌ಘರಿನಲ್ಲಿ ಮಗನ ಜೊತೆಗಿರುವ ಹಿರಿಯರೊಬ್ಬರು, ಡೊಂಬಿವಲಿಯ ಮಗಳ ಮನೆಗೆ ಬಂದಾಗಲೆಲ್ಲ ನಮ್ಮಲ್ಲಿ ಪತ್ರಿಕೆ ಓದಲು ಬರುವರು. ಕಾರ್ಕಳದ ಕಡೆಯವರು. ನಲವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಉಳಿಸಿದ ಹಣದಲ್ಲಿ ಎರಡು ಕೋಣೆಯ ಮನೆ ಕೊಂಡು, ಹೆಂಡತಿ ತೀರಿಕೊಂಡ ಮೇಲೆ ಅದನ್ನು ದಾನಪತ್ರದ ಮೂಲಕ ಮಗನ ಹೆಸರಿಗೆ ಮಾಡಿಕೊಟ್ಟವರು. ಈಗ ಸಕ್ಕರೆ ಕಾಯಿಲೆಯ ಔಷಧಿಗೂ ಮಗನ ಮುಖ ನೋಡುವ ಸ್ಥಿತಿ. “ಮಗನ ಮೇಲೆ ಫಿರ್ಯಾದಿ ಅಲ್ಲ ಮಾರಾಯ, ತಿಂಗಳಿಗೆ ಇಷ್ಟು ಕೊಡು ಅಂತ ಯಾರಾದರೂ ಅವನಿಗೆ ಹೇಳಿದರೆ ಸಾಕು” ಎಂದರು. ನವಿ ಮುಂಬಯಿ ಎಂದರೆ ಠಾಣೆ ಜಿಲ್ಲೆಯಲ್ಲವೇ ಎಂದು ನಾನು ಅರ್ಜಿ ಬರೆದುಕೊಟ್ಟು ಅವರನ್ನು ಠಾಣೆಗೆ ಕಳಿಸಿದೆ. ಜುಲೈ ತಿಂಗಳ ಮಳೆ. ಅವರಿಗೆ 74 ವರ್ಷ. ಮಧ್ಯಾಹ್ನದ ಮೇಲೆ ಅಲ್ಲಿನ ಗುಮಾಸ್ತರು, “ನಿಮ್ಮದು ರಾಯಗಡ ಜಿಲ್ಲೆ, ಪನವೇಲಿಗೆ ಹೋಗಿ” ಎಂದರಂತೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಿದವನು ನಾನು. ಆ ಬಳಿಕ ಮೂರು ವಾರ ಆ ಹಿರಿಯರು ವಾಚನಾಲಯದ ಕಡೆ ಸುಳಿಯಲಿಲ್ಲ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ನಮ್ಮ ಮನೆ ಯಾವ ತಾಲೂಕಿನಲ್ಲಿದೆ ಎಂಬುದು. ಐರೋಲಿ, ಘಣಸೋಲಿ, ವಾಶಿ, ನೆರೂಲ್, ಬೇಲಾಪುರ ಇವು 1992ರಲ್ಲಿ ಆರಂಭವಾದ ನವಿ ಮುಂಬಯಿ ಮಹಾನಗರಪಾಲಿಕೆಯವು. ಜಿಲ್ಲೆ, ತಾಲೂಕು ಎರಡೂ ಠಾಣೆ. ಖಾರ್‌ಘರ್, ಕಾಮೋಠೆ, ಕಳಂಬೋಲಿ, ಹೊಸ ಪನವೇಲ್ ಇವು ಹೆಸರಿಗೆ ನವಿ ಮುಂಬಯಿ. ಆದರೆ ತಾಲೂಕು ಪನವೇಲ್, ಜಿಲ್ಲೆ ರಾಯಗಡ, ಪಾಲಿಕೆ 2016ರಲ್ಲಿ ಆದ ಪನವೇಲ್ ಮಹಾನಗರಪಾಲಿಕೆ. ಡೊಂಬಿವಲಿಯವರು ಕಲ್ಯಾಣ ತಾಲೂಕಿನವರು. ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆ ಜಿಲ್ಲೆಯ ಗಡಿ ಕಣ್ಣಿಗೆ ಬೀಳುವುದಿಲ್ಲ, ಸರಕಾರಿ ಮೇಜಿಗೆ ಮಾತ್ರ ಅದೇ ಮುಖ್ಯ.

ಇನ್ನು ಕಾನೂನಿನ ಮಾತು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ 2007ರದು. ಮಹಾರಾಷ್ಟ್ರದ ನಿಯಮಗಳು 2010ರಲ್ಲಿ ಬಂದವು. ಇದರ ನ್ಯಾಯಾಧಿಕರಣ ಪ್ರಾಂತಾಧಿಕಾರಿಗಳ ಕಚೇರಿಯಲ್ಲಿರುತ್ತದೆ. ಮರಾಠಿಯಲ್ಲಿ ‘ನಿರ್ವಾಹ ನ್ಯಾಯಾಧಿಕರಣ’ ಎಂದು ಕೇಳಬೇಕು. ತಮ್ಮ ದುಡಿಮೆಯಿಂದಾಗಲಿ ಆಸ್ತಿಯಿಂದಾಗಲಿ ಜೀವನ ಸಾಗಿಸಲಾರದ ತಂದೆತಾಯಿ ಅಲ್ಲಿ ಅರ್ಜಿ ಕೊಡಬಹುದು. ಸ್ವತಃ ಶಕ್ತರಲ್ಲದಿದ್ದರೆ ಅವರು ಒಪ್ಪಿದ ಬೇರೊಬ್ಬರು ಅಥವಾ ಸಂಸ್ಥೆ ಅವರ ಪರವಾಗಿ ಕೊಡಬಹುದು. ಮಗ ಮಾತ್ರವಲ್ಲ, ಮಗಳೂ, ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಇದರಲ್ಲಿ ಸೇರುತ್ತಾರೆ. ವಕೀಲರನ್ನು ಹಿಡಿಯಲೇಬೇಕೆಂಬ ಕಟ್ಟಿಲ್ಲ. ಹಿರಿಯರು ಇರುವ ಊರಿನಲ್ಲಿ, ಹಿಂದೆ ಇದ್ದ ಊರಿನಲ್ಲಿ ಅಥವಾ ಮಕ್ಕಳಿರುವ ಊರಿನಲ್ಲಿ, ಎಲ್ಲಿಯಾದರೂ ಅರ್ಜಿ ಹಾಕಬಹುದು. ನೋಟೀಸು ಮುಟ್ಟಿದ ದಿನದಿಂದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ವಿಚಾರಣೆಗೆ ಮುಂಚೆ ಸಂಧಾನಾಧಿಕಾರಿಯ ಬಳಿಗೆ ಕಳಿಸುವ ಏರ್ಪಾಡೂ ಉಂಟು. ನಮ್ಮ ಹಿರಿಯರು ಬಯಸಿದ್ದು ಇದನ್ನೇ: ಮಗನಿಗೆ ಶಿಕ್ಷೆಯಲ್ಲ, ಮೂರನೆಯವರ ಎದುರಿಗೆ ಒಂದು ಮಾತು.

ದಾನಪತ್ರದ ವಿಷಯ ಇನ್ನೂ ಗಂಭೀರ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಪಡೆದವನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದೆಂದು ಅದೇ ಕಾಯಿದೆಯ 23ನೆಯ ಕಲಮು ಹೇಳುತ್ತದೆ. ಆದರೆ ಅಂಥ ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಮೊಕದ್ದಮೆಯಲ್ಲಿ, ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟ ವಚನವನ್ನೂ ಲೆಕ್ಕಕ್ಕೆ ಹಿಡಿದು ಆಕೆಯ ಪರವಾಗಿ ತೀರ್ಪಾಯಿತು. ಹೀಗಿರುವುದರಿಂದ ಇನ್ನೂ ಸಹಿ ಹಾಕದವರಿಗೆ ನನ್ನ ಬಿನ್ನಹ: ಉಯಿಲು ಬರೆದಿಡಿ, ಅದನ್ನು ಬದುಕಿರುವವರೆಗೆ ಬದಲಾಯಿಸಬಹುದು. ದಾನಪತ್ರವನ್ನೇ ಮಾಡುವುದಾದರೆ ಪೋಷಣೆಯ ಷರತ್ತನ್ನು ಅದರೊಳಗೇ ಬರೆಸಿರಿ. “ನಮ್ಮ ಹುಡುಗ ಹಾಗಲ್ಲ” ಎನ್ನುವವರೇ ನನ್ನ ಮೇಜಿನೆದುರು ಹೆಚ್ಚಾಗಿ ಬಂದು ಕುಳಿತಿದ್ದಾರೆ.

ಎಲ್ಲ ಮನೆಯಲ್ಲೂ ಜಗಳವೇ ಎಂದೇನಿಲ್ಲ. ಹೆಚ್ಚಿನ ಮನೆಗಳಲ್ಲಿ ಪ್ರೀತಿ ಇದೆ, ಹಣವಿಲ್ಲ. ಹಣವಿದ್ದರೆ ಕೈ ಸಾಲದು. ಹಣದ ಮಾತಿಗೆ ಬಂದರೆ, ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,500 ರೂಪಾಯಿ, ಅರ್ಜಿ ತಹಸೀಲ್ದಾರರಲ್ಲಿ. ಕುಟುಂಬದ ವರ್ಷದ ಆದಾಯ 21,000 ರೂಪಾಯಿಯ ಒಳಗಿರಬೇಕು, ಅಂದರೆ ತಿಂಗಳಿಗೆ 1,750. ಈ ಅಂಕೆಯಲ್ಲಿ ಕಲ್ಯಾಣದಲ್ಲಿ ಬದುಕುವ ಕುಟುಂಬವನ್ನು ನಾನು ಕಂಡಿಲ್ಲ. ಆದರೂ ಒಂಟಿ ವಿಧವೆಯರಿಗೆ ಸಿಕ್ಕಿದ್ದುಂಟು. ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿರಬೇಕೆಂಬ ನಿಯಮವಿರುವುದರಿಂದ ನಿನ್ನೆ ಊರಿನಿಂದ ಕರೆತಂದ ಅಮ್ಮನಿಗೆ ಇದು ಸಿಗದು. ‘ಉತ್ಪನ್ನ ದಾಖಲಾ’ ಎಂದರೆ ಆದಾಯದ ಪ್ರಮಾಣಪತ್ರ, ‘ರಹಿವಾಸಿ ದಾಖಲಾ’ ಎಂದರೆ ವಾಸದ ಪ್ರಮಾಣಪತ್ರ. ಹಳೆಯ ರೇಶನ್ ಕಾರ್ಡನ್ನು ರದ್ದಿಗೆ ಹಾಕಬೇಡಿ.

ಅದೇ ಅಮ್ಮನಿಗೆ 70 ತುಂಬಿದ್ದರೆ ಬೇರೊಂದು ದಾರಿ ಇದೆ. 2024ರ ಅಕ್ಟೋಬರ್ 29ರಿಂದ ಆಯುಷ್ಮಾನ್ ಭಾರತದ ಚಿಕಿತ್ಸಾ ಸೌಲಭ್ಯವನ್ನು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ವಿಸ್ತರಿಸಿದರು. ಪ್ರಾಯವನ್ನು ಆಧಾರ್ ನೋಡಿ ಎಣಿಸುತ್ತಾರೆ. ಜನ್ಮದಿನ ಗೊತ್ತಿಲ್ಲದೆ ಜನವರಿ 1 ಎಂದು ಬರೆಸಿದ ಅಜ್ಜಿಯಂದಿರು ನಮ್ಮಲ್ಲಿ ಬಹಳ. ಕಾಯಿಲೆ ಬೀಳುವ ಮೊದಲೇ ಆಧಾರನ್ನು ಒಮ್ಮೆ ತೆಗೆದು ನೋಡಿರಿ.

ಗಿರಣಿ, ಕಾರಖಾನೆಯವರ ಮನೆಗಳಲ್ಲಿ ಇನ್ನೊಂದು ಲೋಪ ಕಾಣುತ್ತೇನೆ. ಪಿಂಚಣಿ ಪಡೆಯುತ್ತಿದ್ದ ಗಂಡ ತೀರಿಕೊಂಡರೆ ಭವಿಷ್ಯನಿಧಿಯ ಪಿಂಚಣಿಯಲ್ಲಿ ಹೆಂಡತಿಗೆ ಪಾಲುಂಟೆಂದು ಅನೇಕರಿಗೆ ತಿಳಿಯದು. ನಮೂನೆಯ ಹೆಸರು 10-ಡಿ. ಜೀವಂತ ಪ್ರಮಾಣವನ್ನು ವರ್ಷಕ್ಕೊಮ್ಮೆ ಕೊಡಬೇಕು.

ಕೈ ಸಾಲದ ಮನೆಗಳ ಕಷ್ಟ ಕಚೇರಿಯಲ್ಲಿ ತೀರುವಂಥದಲ್ಲ. ಮರೆವಿನ ರೋಗ ಹಿಡಿದವರು ನಡುವಯಸ್ಸಿನಲ್ಲಿ ಕಲಿತ ಹಿಂದಿ, ಮರಾಠಿಯನ್ನು ಮೊದಲು ಕಳೆದುಕೊಂಡು ಬಾಲ್ಯದ ತುಳು, ಕನ್ನಡಕ್ಕೆ ಮರಳುವುದುಂಟು. ಆಗ ನೋಡಿಕೊಳ್ಳಲು ಇಟ್ಟ ಆಯಾಗೆ ಅವರ ಮಾತು ತಿಳಿಯದು. ಅವರು ನೀರು ಕೇಳಿದರೆ ಹಟವೆಂದು ಎಣಿಸುತ್ತಾಳೆ. ನೀರು, ನೋವು, ಹಸಿವು, ಶೌಚ, ಇಂಥ ಇಪ್ಪತ್ತು ಶಬ್ದಗಳನ್ನು ಮರಾಠಿ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಅಂಗಿಯ ಜೇಬಿನಲ್ಲಿ ಹೆಸರು, ಫೋನು ಬರೆದ ಚೀಟಿ ಇರಲಿ. ಡೊಂಬಿವಲಿ ನಿಲ್ದಾಣದ ಜನಸಂದಣಿ ನಿಮಗೆ ಗೊತ್ತೇ ಇದೆ. ಸಲಹೆಗೆ ಠಾಣೆಯಲ್ಲಿ 1990ರಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಂಸ್ಥೆ, ಐ.ಪಿ.ಎಚ್., ಇದೆ. ಈ ಮನೆಗಳಲ್ಲಿ ಹಗಲಿರುಳು ದುಡಿಯುವವಳು ಸಾಮಾನ್ಯವಾಗಿ ಸೊಸೆ. ಸಲಹೆ ಅವಳಿಗೂ ಬೇಕು, ನಿದ್ದೆಯೂ ಬೇಕು. ಓಡಾಡಬಲ್ಲ ಹಿರಿಯರಿಗಾದರೆ ಬಡಾವಣೆಗಳಲ್ಲಿರುವ ಜ್ಯೇಷ್ಠ ನಾಗರಿಕ ಸಂಘ, ‘ವಿರಂಗುಳಾ ಕೇಂದ್ರ’ಗಳಿವೆ. ವಿರಂಗುಳಾ ಎಂದರೆ ಮನಸ್ಸಿಗೆ ಹಗುರ. ಮರಾಠಿ ಬಾರದೆಂದು ಅಂಜಬೇಡಿ, ಕೇರಮ್ ಆಟಕ್ಕೆ ಭಾಷೆ ಬೇಡ.

ಯಾವ ಬಾಗಿಲೆಂದೇ ತಿಳಿಯದಿದ್ದರೆ 14567 ಎಂಬ ಹಿರಿಯರ ಸಹಾಯವಾಣಿಗೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಖರ್ಚಿಲ್ಲದೆ ಫೋನು ಮಾಡಬಹುದು. ಹೊಡೆತ, ಅಪಾಯವಿದ್ದರೆ 112. ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಈ ನೆರವು ಆದಾಯ ನೋಡದೆ ಸಿಗುತ್ತದೆ.

ನಾಲ್ಕನೆಯ ವಾರ ಆ ಹಿರಿಯರು ಬಂದರು. ನಾನು ಕ್ಷಮೆ ಕೇಳಿದೆ. “ಇರಲಿ, ಆ ಮಳೆಯಲ್ಲಿ ಠಾಣೆ ನೋಡಿದ ಹಾಗಾಯಿತು” ಎಂದು ನಕ್ಕರು. ಈ ಸಲ ರಜೆ ಹಾಕಿ ನಾನೇ ಪನವೇಲಿಗೆ ಜೊತೆಗೆ ಹೋದೆ. ಸಂಧಾನದ ದಿನ ಮಗ ಬಂದ. ತಿಂಗಳ ಔಷಧಿ ಮತ್ತು ಕೈಖರ್ಚಿಗೆ ಇಷ್ಟೆಂದು ಬರೆದುಕೊಟ್ಟ. ಎರಡು ತಿಂಗಳು ಸರಿಯಾಗಿ ಬಂದಿದೆ. ಮೂರನೆಯದು ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಇನ್ನೂ ಬಂದಿಲ್ಲ. ತಪ್ಪಿದರೆ ಅದೇ ಕಚೇರಿಗೆ ಬರೆಯಬೇಕಾದ ಕಾಗದವನ್ನು ಸಿದ್ಧ ಮಾಡಿ ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಅರ್ಜಿ ಬರೆಸಬೇಕಾದವರು ಭಾನುವಾರ ಬೆಳಿಗ್ಗೆ ಆಧಾರ್, ರೇಶನ್ ಕಾರ್ಡು, ಬ್ಯಾಂಕಿನ ಪುಸ್ತಕ, ಎರಡು ಭಾವಚಿತ್ರ ಸಹಿತ ಬರಬೇಕು. ತಾಲೂಕಿನ ಹೆಸರನ್ನು ಮನೆಯಲ್ಲೇ ವಿಚಾರಿಸಿಕೊಂಡು ಬಂದರೆ ಉಪಕಾರ.