ಟ್ಯೂಬ್ ಆ್ಯಂಪೇ ಬೇಕೇ?

ಪ್ರಶ್ನೆ: ನಾನು ಸಂಗನಕಲ್ಲಿನವನು, ಬಳ್ಳಾರಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಆ್ಯಂಪ್ ಕೊಳ್ಳಲು ದುಡ್ಡು ಕೂಡಿಟ್ಟಿದ್ದೇನೆ. ಟ್ಯೂಬ್ ಆ್ಯಂಪ್ ಇಲ್ಲದಿದ್ದರೆ ಅದು ಗಿಟಾರ್ ನಾದವೇ ಅಲ್ಲ, ಡಿಜಿಟಲ್ ಬರೀ ಆಟಿಕೆ ಎನ್ನುತ್ತಾರೆ ಗೆಳೆಯರು. ಕೈ ಸುಟ್ಟುಕೊಳ್ಳುವ ಭಯ. ಏನು ಮಾಡಲಿ?

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಟ್ಯೂಬ್ ಆ್ಯಂಪಿನ ವಾಲ್ಯೂಮ್ ಏರಿಸಿದಾಗ ನಾದ ಒಮ್ಮೆಲೇ ಒಡೆಯುವುದಿಲ್ಲ, ಮೆಲ್ಲಮೆಲ್ಲಗೆ ಕಾವೇರುತ್ತದೆ. ತಂತಿಯನ್ನು ಹಗುರಾಗಿ ಮೀಟಿದರೆ ತಿಳಿ, ಬಿಗಿಯಾಗಿ ಮೀಟಿದರೆ ಗರಗರ. ಬೆರಳಿಗೆ ಹೀಗೆ ಓಗೊಡುವ ಗುಣಕ್ಕೇ ಜನ ಮನಸೋಲುವುದು. ಆದರೆ ಅದಕ್ಕೆ ಪವರ್ ಟ್ಯೂಬುಗಳು ಮೈಮುರಿದು ದುಡಿಯಬೇಕು. ಎರಡು ಇಎಲ್84 ಟ್ಯೂಬಿರುವ, 15 ವ್ಯಾಟಿನ ಫೆಂಡರ್ ಬ್ಲೂಸ್ ಜೂನಿಯರ್ ಕೂಡ ಆ ಮಟ್ಟಕ್ಕೇರಿದರೆ ಮನೆಯೊಳಗೆ ಕೂರಲಾಗದು. ಗೋಡೆಗೆ ಗೋಡೆ ಅಂಟಿದ ಓಣಿಯಲ್ಲಿ ರಾತ್ರಿ ಅಭ್ಯಾಸ ಮಾಡುವುದೆಲ್ಲಿ ಬಂತು?

ವೇದಿಕೆಯ ಕಷ್ಟ ಬೇರೆ. ಗಣೇಶೋತ್ಸವದ ಪೆಂಡಾಲಿನಲ್ಲಿ ಜನ ಕೇಳುವುದು ಮಿಕ್ಸರ್ ದಾಟಿ ದೊಡ್ಡ ಸ್ಪೀಕರಿಗೆ ಹೋದ ಸದ್ದನ್ನು. ಟ್ಯೂಬ್ ಆ್ಯಂಪಿಗೆ ಮೈಕ್ ಇಟ್ಟರೆ ಪಕ್ಕದ ಡ್ರಮ್ಸ್ ಕೂಡ ಅದರೊಳಗೆ ನುಗ್ಗುತ್ತದೆ. ಜನರೇಟರಿನ ವೋಲ್ಟೇಜ್ ಏರಿಳಿದರೆ ಬಹುಪಾಲು ಟ್ಯೂಬ್ ಆ್ಯಂಪುಗಳ ಒಳಗಿನ ವೋಲ್ಟೇಜೂ ಏರಿಳಿಯುತ್ತದೆ. ನಾದವೂ ಬದಲಾಗುತ್ತದೆ, ಟ್ಯೂಬೂ ಸವೆಯುತ್ತದೆ. ಗಡಿಬಿಡಿಯಲ್ಲಿ ಸ್ಪೀಕರ್ ವೈರ್ ಕಳಚಿದ್ದಾಗ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಒಳಗೆ 300 ವೋಲ್ಟಿಗೂ ಮೇಲಿನ ವಿದ್ಯುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಬಲ್ಲವರಲ್ಲದೆ ಯಾರೂ ಮುಚ್ಚಳ ತೆಗೆಯಬಾರದು.

ಡಿಜಿಟಲ್ ಈಗ ಆಟಿಕೆಯಲ್ಲ. 2016ರಲ್ಲಿ ಬಂದ ಬಾಸ್ ಕಟಾನಾ ಸಾಲಿನ 50 ವ್ಯಾಟಿನ ಆ್ಯಂಪನ್ನು ಅರ್ಧ ವ್ಯಾಟಿಗೆ ಇಳಿಸಬಹುದು. ಹೆಡ್‌ಫೋನ್ ಸಿಕ್ಕಿಸಿ ನಡುರಾತ್ರಿಯಲ್ಲೂ ನುಡಿಸಬಹುದು, ಆ ತೂತಿನಿಂದಲೇ ಮಿಕ್ಸರಿಗೂ ಸದ್ದು ಕಳಿಸಬಹುದು. ಒಂದು ಹಾಡಿಗೆ ತಿಳಿ ನಾದ, ಮುಂದಿನದಕ್ಕೆ ಗಡಸು ನಾದ ಬೇಕಾದ ಆರ್ಕೆಸ್ಟ್ರಾದವರಿಗೆ ಇದು ದೊಡ್ಡ ಅನುಕೂಲ. ಕೊರತೆಯೂ ಉಂಟು: ಒಳಗಿನ ಬೋರ್ಡ್ ಕೆಟ್ಟರೆ ಊರಿನ ರಿಪೇರಿಯವರಿಗೆ ದಕ್ಕುವುದು ಕಷ್ಟ. ಟ್ಯೂಬನ್ನಾದರೆ ಬದಲಿಸಬಹುದು.

ನಿಮ್ಮೂರ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಬಡಿದು ಬಡಿದು ಗುಳಿ ಬಿದ್ದ ಕರಿಬಂಡೆಗಳಿವೆ. ಈಗಲೂ ತಟ್ಟಿದರೆ ಗಂಟೆಯಂತೆ ಮೊಳಗುತ್ತವೆ. ಆ ಊರಿನವರು ನೀವು, ನಿಮ್ಮ ಕಿವಿಯನ್ನು ನಂಬಿ. ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ. ಗೆಳೆಯರನ್ನು ಬೆನ್ನು ತಿರುಗಿಸಿ ಕೂರಿಸಿ, ಎರಡರಲ್ಲೂ ಒಂದೇ ಹಾಡು ನುಡಿಸಿ, ಯಾವುದು ಯಾವುದೆಂದು ಕೇಳಿ.

ನನ್ನ ಸಲಹೆ ಸ್ಪಷ್ಟ: ಈಗ ಡಿಜಿಟಲ್ ಕೊಳ್ಳಿ. ಉಳಿದ ಹಣದಲ್ಲಿ ಒಳ್ಳೆಯ ಕೇಬಲ್, ಹೊಸ ತಂತಿ, ವೋಲ್ಟೇಜ್ ಸ್ಟೆಬಿಲೈಜರ್ ತನ್ನಿ. ಜೋರಾಗಿ ನುಡಿಸುವ ಜಾಗ, ನಂಬಿಕೆಯ ರಿಪೇರಿಯವರು ಸಿಕ್ಕ ಮೇಲೆ ಟ್ಯೂಬಿನ ಯೋಚನೆ ಮಾಡಿ. ಅಲ್ಲಿಯವರೆಗೆ ಅಭ್ಯಾಸ ತಪ್ಪಿಸಬೇಡಿ.