ಹರಿದ ಕೋಟಿನ ಕಥೆ ಸಾಕು

ಜುಲೈ 2 ಬಂತೆಂದರೆ ನಮ್ಮ ಕಡೆಯ ಶಾಲೆ, ಕಚೇರಿಗಳಲ್ಲಿ ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಫೋಟೊಕ್ಕೆ ಹಾರ ಬೀಳುತ್ತದೆ. ಸರಕಾರ ಅವರ ಜನ್ಮದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಹುನ್ನೂರಿನಲ್ಲಿ ಹುಟ್ಟಿ, ಸುತ್ತಮುತ್ತಲ ಊರುಗಳಲ್ಲಿ ಕನ್ನಡ ಶಾಲೆ ಮಾಸ್ತರಿಕೆ ಮಾಡಿದ ನಾನು ಇಂಥ ಸಭೆಗಳಲ್ಲಿ ಬಹಳ ಸಲ ಕೂತಿದ್ದೇನೆ, ಎದ್ದು ಮಾತಾಡಿದ್ದೂ ಉಂಟು. ಹರಿದ ಕೋಟು, ಹಳೆಯ ಸೈಕಲ್ಲು, ಮಾರಿದ ಮನೆ ಈ ಮೂರೂ ಬರದೆ ಯಾರ ಭಾಷಣವೂ ಮುಗಿಯುವುದಿಲ್ಲ. ಕೇಳಿದವರ ಕಣ್ಣು ಒದ್ದೆಯಾಗುತ್ತವೆ. ಆಮೇಲೆ ಚುರುಮರಿ, ಚಹಾ. ಮುಂದಿನ ಜುಲೈವರೆಗೆ ಹಳಕಟ್ಟಿಯವರು ಮತ್ತೆ ಗೋಡೆಯ ಮೇಲೆ.

ಕಥೆ ಸುಳ್ಳಲ್ಲ. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆಯಲು ಅವರು ಇದ್ದ ಮನೆಯನ್ನೇ ಮಾರಿದರು. ಸರಕಾರಿ ವಕೀಲರಾಗಿದ್ದವರು ಬಾಡಿಗೆ ಮನೆಯಲ್ಲಿ ಉಳಿದರು. ಆದರೆ ಇಷ್ಟನ್ನೇ ಹೇಳಿದರೆ ಹಳಕಟ್ಟಿಯವರು ಸಂತರಾಗುತ್ತಾರೆ, ಕೇಳುವವರು ಆರಾಮಾಗುತ್ತಾರೆ. ಸಂತರ ಕೆಲಸ ನಮ್ಮಿಂದ ಆಗುವುದಲ್ಲ ಅಂತ ಮೊದಲೇ ತೀರ್ಮಾನವಾಗಿರುತ್ತದಲ್ಲ!

ಅವರ ಇನ್ನೊಂದು ಮುಖ ನನಗೆ ಕಾಣಿಸಿದ್ದು ಪುಸ್ತಕದಿಂದಲ್ಲ, ಒಂದು ಪಾವತಿ ಪುಸ್ತಕದಿಂದ.

ನಮ್ಮೂರಲ್ಲಿ ನಾವು ಕೆಲವರು ಸೇರಿ ಸಂಜೆ ಹೊತ್ತು ಹುಡುಗರಿಗೆ ಓದುವ ಕೋಣೆ ಮಾಡಿದ್ದೆವು. ಏಳನೆತ್ತೆಯಿಂದ ಹತ್ತನೆತ್ತೆವರೆಗಿನ ಮಕ್ಕಳು. ಬಲ್ಬು, ಎರಡು ಜಮಖಾನೆ, ಒಂದು ಕಪ್ಪು ಹಲಗೆ. ಕಬ್ಬು ಕಡಿಯುವ ಹಂಗಾಮು ಶುರುವಾದರೆ ಅರ್ಧ ಮಕ್ಕಳು ಗೈರು. ಜಾತ್ರೆಯಾದರೆ ಪೂರ್ತಿ ಗೈರು. ಆದರೂ ನಡೆಯುತ್ತಿತ್ತು. ಖರ್ಚು ಬಂದಾಗ ನಮ್ಮ ಪಗಾರದಲ್ಲೇ ತೂಗಿಸುತ್ತಿದ್ದೆವು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕೋಣೆ ಕೊಟ್ಟವರು ಕಿರಾಣಿ ಅಂಗಡಿಯ ಹಿರಿಯರೊಬ್ಬರು. ಅವರಿಗೆ ನಮ್ಮ ಈ ಧಾರಾಳತನ ಸೇರುತ್ತಿರಲಿಲ್ಲ. ಒಂದು ಸಂಜೆ ಬಂದು ಹೊಸ್ತಿಲ ಮೇಲೆ ಕೂತು ಕೇಳಿದರು: "ಮಾಸ್ತರ, ಇವತ್ತ ನೀವ ಅದೀರಿ. ನಾಳಿ ವರ್ಗಾ ಆಗಿ ಹೋದ್ರ ಈ ಬಲ್ಬಿನ ಬಿಲ್ಲ ಯಾರ ತುಂಬ್ತಾರ?" ನಾವು ಏನೋ ತೇಲಿಸಿ ಮಾತಾಡಿದೆವು. ಅವರು ಬಿಡಲಿಲ್ಲ. "ಪಾವತಿ ಪುಸ್ತಕ ಮಾಡಸ್ರಿ. ಮನಿಗಿ ತಿಂಗಳಿಗಿ ಇಷ್ಟ ಅಂತ ಹಚ್ರಿ. ಕೊಟ್ಟಾವಂಗ ಕೇಳೂ ಹಕ್ಕ ಇರ್ತದ, ತಗೊಂಡಾವಂಗ ಹೇಳೂ ಜವಾಬ್ದಾರಿ ಇರ್ತದ."

ಮರುದಿನವೇ ಅವರು ತಮ್ಮ ಅಂಗಡಿಯಿಂದ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕವೊಂದನ್ನು ಕಳಿಸಿದರು. ಜಮಾ ಎಡಕ್ಕೆ, ಖರ್ಚು ಬಲಕ್ಕೆ, ಪ್ರತಿ ಪುಟದ ಕೆಳಗೆ ಶಿಲ್ಕು. ಮೊದಲ ಪುಟದಲ್ಲಿ ಅವರದೇ ವಂತಿಗೆ, ಅವರದೇ ಸಹಿ.

ಆ ವರ್ಷದ ಜುಲೈ ಭಾಷಣಕ್ಕೆ ತಯಾರಿ ಮಾಡುವಾಗ ಹಳಕಟ್ಟಿಯವರ ಜೀವನದ ಇಸವಿಗಳನ್ನು ಸಾಲಾಗಿ ಬರೆದುಕೊಂಡೆ. 1880ರಲ್ಲಿ ಧಾರವಾಡದಲ್ಲಿ ಜನನ, ತಂದೆ ಗುರುಬಸಪ್ಪನವರೂ ಶಿಕ್ಷಕರು. ಮುಂಬಯಿಯಲ್ಲಿ ಓದು, ಅಲ್ಲಿ ಆಲೂರ ವೆಂಕಟರಾಯರ ಒಡನಾಟ. 1904ರಲ್ಲಿ ವಕೀಲಿ ಪರೀಕ್ಷೆ. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ. 1925ರಲ್ಲಿ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ.

ಅಷ್ಟು ವರ್ಷ ಇದೇ ಇಸವಿಗಳನ್ನು ಓದಿದ್ದೆ. ಕಿರಾಣಿ ಅಂಗಡಿಯವರ ಮಾತು ಕಿವಿಯಲ್ಲಿದ್ದುದಕ್ಕೋ ಏನೋ, ಈ ಸಲ ಅವುಗಳ ಕ್ರಮ ಕಣ್ಣಿಗೆ ಹೊಡೆಯಿತು. ಶಾಲೆ ಮೊದಲು, ಎರಡೇ ವರ್ಷಕ್ಕೆ ಬ್ಯಾಂಕು. ವಚನದ ಪುಸ್ತಕ ಬಂದದ್ದು ಅದಾಗಿ ಹನ್ನೊಂದು ವರ್ಷಕ್ಕೆ. ನಮ್ಮ ಭಾಷಣಗಳಲ್ಲಿ ಆ ಬ್ಯಾಂಕಿನ ಹೆಸರೇ ಬರುವುದಿಲ್ಲ. ವಚನ ಪಿತಾಮಹರ ಬಾಯಲ್ಲಿ ಸಾಲ, ಬಡ್ಡಿ, ಷೇರು ಅಂದರೆ ಶೋಭಿಸುವುದಿಲ್ಲ ಅಂತ ನಮಗೆ ಅನ್ನಿಸುತ್ತದೋ ಏನೋ. ಪದೇ ಪದೇ ಬರ ಕಂಡ ಜಿಲ್ಲೆಯಲ್ಲಿ ಮಗನನ್ನು ಶಾಲೆಗೆ ಕಳಿಸುವ ಅಪ್ಪನಿಗೆ ಸಾಹುಕಾರನ ಬಡ್ಡಿಯಿಂದ ಬಿಡುಗಡೆಯೂ ಬೇಕು ಎಂಬುದು ವಕೀಲರಿಗೆ ತಿಳಿಯದ ವಿಷಯವೇ? ಕೋರ್ಟಿನಲ್ಲಿ ಹೊಲ ಕಳಕೊಂಡವರನ್ನು ದಿನಾ ನೋಡುವವರು.

ವಚನದ ಕೆಲಸದಲ್ಲೂ ಅದೇ ಬುದ್ಧಿ. ಅದರ ಬೀಜ ಬಿದ್ದದ್ದು ನಮ್ಮ ಮಗ್ಗುಲಲ್ಲೇ ಎಂಬುದು ನಮ್ಮೂರ ಮಕ್ಕಳಿಗೆ ಹೇಳಲು ನನಗೆ ಬಲು ಖುಷಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬನಹಟ್ಟಿಯ ಮಂಚಾಲೆಯವರ ಮನೆಯಲ್ಲಿ ವಚನಗಳ ಹಸ್ತಪ್ರತಿ ಕಂಡ ಮೇಲೆ ಹಳಕಟ್ಟಿಯವರಿಗೆ ಈ ಗೀಳು ಹಿಡಿಯಿತು. ಮಗ್ಗದ ಸಪ್ಪಳದ ಊರು ಎಂದಷ್ಟೇ ನಾವು ಬನಹಟ್ಟಿಯನ್ನು ಬಲ್ಲೆವು. ಅಲ್ಲಿಂದ ಅವರು ಮನೆ ಮನೆ, ಮಠ ಮಠ ತಿರುಗಿದರು. ಕೆಲವರು ಜಗಲಿ ಮೇಲಿಟ್ಟು ಪೂಜೆ ಮಾಡುತ್ತಿದ್ದ ಕಟ್ಟುಗಳವು, ಕೇಳಿದ ಕೂಡಲೇ ಕೊಡುವವರು ಯಾರು?

ಕೈಗೆ ಸಿಕ್ಕರೂ ಓದುವುದು ಸುಲಭವಲ್ಲ. ತಾಳೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ಚಿಹ್ನೆಗಳಿಲ್ಲ, ಒಬ್ಬರ ವಚನ ಮುಗಿದಲ್ಲೇ ಇನ್ನೊಬ್ಬರದು ಶುರು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲವೆಂದು ಒಂದು ಸಂಜೆ ಹಲಗೆಯ ತುಂಬ ಮೂರು ವಚನಗಳನ್ನು ಒಂದಕ್ಕೊಂದು ಅಂಟಿಸಿ, ನಡುವೆ ಒಂದು ಚುಕ್ಕೆಯನ್ನೂ ಇಡದೆ ಬರೆದೆ. ಬಿಡಿಸಿ ಓದಿರಿ ಅಂದೆ. ದೊಡ್ಡ ಹುಡುಗರು ಮೊದಲ ಸಾಲಿನಲ್ಲೇ ತಡವರಿಸಿದರು. ಹಿಂದೆ ಕೂತಿದ್ದ ಏಳನೆತ್ತೆಯ ಹುಡುಗಿಯೊಬ್ಬಳು ಎದ್ದು ಬಂದು ಸುಣ್ಣದ ಕಡ್ಡಿಯಿಂದ ನೇರ ಮೂರು ಕಡೆ ಗೆರೆ ಎಳೆದಳು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ. "ಇವ್ರ ಹೆಸರ ಬಂದಲ್ಲೆ ಮುಗೀತರಿ ಸರ," ಅಂದಳು. ಹಳಕಟ್ಟಿಯವರಿಗೂ ವಚನದ ಕೊನೆಗೆ ಬರುವ ಈ ಅಂಕಿತವೇ ದಾರಿ ತೋರಿಸಿದ್ದು. ಹೀಗೆ ಬೇರ್ಪಡಿಸುತ್ತ ಇನ್ನೂರಕ್ಕೂ ಹೆಚ್ಚು ವಚನಕಾರರನ್ನು ಅವರು ಬೆಳಕಿಗೆ ತಂದರು. ಅವಳಿಗೆ ಅದು ಎರಡು ನಿಮಿಷದ ಆಟ, ಅವರಿಗೆ ಆಯುಷ್ಯದ ಕೆಲಸ. ಅಂಕಿತವೇ ಸವೆದುಹೋದ ಗರಿಗಳೂ ಇದ್ದಾವಲ್ಲ.

ಕೂಡಿಸಿದ್ದನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರೆ ಅಚ್ಚಾಗದೆ ಹಿಂದಿರುಗಿತು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಪರರ ಯಂತ್ರದ ಮುಂದೆ ಕಾಯುವುದು ಬೇಡವೆಂದೇ ಸ್ವಂತ ಮುದ್ರಣಾಲಯ, ಪುಸ್ತಕಕ್ಕೆ ಓದುಗರು ಬೇಕೆಂದೇ ಪತ್ರಿಕೆ. ಶಿವಾನುಭವವನ್ನು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಮನೆ ಮಾರಿದ್ದು ಈ ಲೆಕ್ಕಾಚಾರದ ಒಂದು ಕಂತು. ಭಾವಾವೇಶದಲ್ಲಿ ಮನೆ ಮಾರುವವರು ಬೇರೆ, ಏನು ಬರುತ್ತದೆಂದು ಗೊತ್ತಿದ್ದು ಮಾರುವವರು ಬೇರೆ.

ಒಂದು ಮಾತು ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ. ಮಾರಿದ ಆ ಮನೆಯಲ್ಲಿ ಹೆಂಡತಿ, ಮಕ್ಕಳೂ ಇದ್ದರು. ಅವರ ಒಪ್ಪಿಗೆಯ ಬಗ್ಗೆ ಯಾವ ಭಾಷಣಕಾರನೂ ಕೇಳುವುದಿಲ್ಲ. ಇಂಥದ್ದನ್ನು ಹೊಗಳಿ ಹೊಗಳಿ ನಮ್ಮ ಹೊಸ ಶಿಕ್ಷಕರಿಗೆ, ಅದರಲ್ಲೂ ಶಿಕ್ಷಕಿಯರಿಗೆ, ಮನೆ ಮರೆತು ದುಡಿದರೇ ಸೇವೆ ಎಂದು ಕಲಿಸುತ್ತಿದ್ದೇವೆ. ಅದು ನನಗೆ ಒಪ್ಪಿಗೆಯಿಲ್ಲ. ಹಳಕಟ್ಟಿಯವರಿಂದ ಕಲಿಯುವುದಿದ್ದರೆ ಆ ಬಡತನವನ್ನಲ್ಲ, ಆ ಬ್ಯಾಂಕನ್ನು.

ಅವರು ಹಚ್ಚಿದ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳು ಬೆಳೆಸಿದರು. ಅದರ ಕಾಲೇಜು ಜಮಖಂಡಿಯಲ್ಲೂ ಇದೆ. ಹುನ್ನೂರಿಂದ ಬಸ್ಸಿಗೆ ಜೋತುಬಿದ್ದು ಹೋಗಿ ನಾನು ಡಿಗ್ರಿ ಮುಗಿಸಿದ್ದು ಅಲ್ಲೇ. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರನ್ನು ನಾನು ಕಂಡವನಲ್ಲ. ಆದರೂ ಅವರ ಸಂಸ್ಥೆಯಿಂದಾಗಿ ನನ್ನ ಫೀ ಕೈಗೆಟಕುವಷ್ಟಿತ್ತು. ವಚನ ಈಗ ನಮ್ಮೂರಿಗೆ ಪರಕೀಯವೂ ಅಲ್ಲ. ಹುನ್ನೂರ-ಮಧುರಖಂಡಿಯ ಬಸವಜ್ಞಾನ ಗುರುಕುಲ, ಡಾ. ಈಶ್ವರ ಮಂಟೂರರ ಪ್ರವಚನ ಅಂದರೆ ಉತ್ತರ ಕರ್ನಾಟಕದಲ್ಲಿ ಗುರುತು ಹೇಳಬೇಕಾಗಿಲ್ಲ. ಆ ಪ್ರವಚನಗಳ ಹಿಂದೆ ಎಲ್ಲೋ ಒಂದು ಕಡೆ ಹಿತಚಿಂತಕದ ಮೊಳೆಯಚ್ಚು ಇದೆ.

ಪಾವತಿ ಪುಸ್ತಕ ಬಂದ ಮೇಲೆ ನಮ್ಮ ಕೋಣೆಯ ಹವಾ ಬದಲಾಯಿತು. ವಂತಿಗೆ ಕೊಟ್ಟ ಅಪ್ಪಂದಿರು ಬಂದು ಕೇಳತೊಡಗಿದರು: ಇಂಗ್ಲಿಷ್ ಯಾಕ ಹೇಳಾಂಗಿಲ್ಲ, ಬುಧವಾರ ಯಾಕ ಬೀಗ ಹಾಕಿತ್ತು? ಮೊದಮೊದಲು ಕಿರಿಕಿರಿಯೇ ಆಗುತ್ತಿತ್ತು. ಪುಕ್ಕಟೆ ಇದ್ದಾಗ ಕೈಮುಗಿದು ಹೋಗುತ್ತಿದ್ದವರು ಇವರೇ. ಕಬ್ಬಿನ ಹಂಗಾಮಿನಲ್ಲಿ ಮಕ್ಕಳನ್ನು ಸಂಜೆ ಆರಕ್ಕೆ ಹೊಲದಿಂದ ಬಿಡಿಸಿ ಕಳಿಸತೊಡಗಿದವರೂ ಇವರೇ. ರೊಕ್ಕ ಕೊಟ್ಟದ್ದು ವಸೂಲಾಗಬೇಕಲ್ಲ.

ನನಗೆ ವರ್ಗವಾಯಿತು, ಆಮೇಲೆ ನಿವೃತ್ತಿಯೂ ಆಯಿತು. ಕಿರಾಣಿ ಅಂಗಡಿಯ ಹಿರಿಯರು ಈಗಿಲ್ಲ. ಕೋಣೆ ನಡೆದಿದೆ. ಲೆಕ್ಕ ನೋಡಿಕೊಳ್ಳುವವಳು ಅಂದು ಹಲಗೆಯ ಮೇಲೆ ಮೂರು ಗೆರೆ ಎಳೆದ ಆ ಹುಡುಗಿ. ಈಗ ಬನಹಟ್ಟಿ ಕಡೆಯ ಒಂದು ಶಾಲೆಯಲ್ಲಿ ಟೀಚರು. ಮೊನ್ನೆ ಫೋನ್ ಮಾಡಿದ್ದಳು. ಈ ಸಲ ಜುಲೈ 2ಕ್ಕೆ ಭಾಷಣ ಮಾಡಲು ಕರೆಯುತ್ತಿದ್ದಾಳೆಂದು ಗಂಟಲು ಸರಿಮಾಡಿಕೊಂಡೆ.

"ಸರ, ನಿಮ್ಮ ವಂತಿಗಿ ಎರಡ ತಿಂಗಳದ್ದ ಬಾಕಿ ಅದರಿ," ಅಂದಳು.