ಒಂದು ಸೆಂಟಿನ ನಾಣ್ಯ

1947ನೆಯ ಇಸವಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ನಗರದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಶಾಲೆಯ ಉಪಾಹಾರಗೃಹದಲ್ಲಿ ಊಟದ ಹಣ ಕೊಟ್ಟು ಉಳಿದ ಚಿಲ್ಲರೆಯನ್ನು ಪಡೆದನು. ಅದರಲ್ಲಿದ್ದ ಒಂದು ಸೆಂಟಿನ ನಾಣ್ಯ ಅವನ ದೃಷ್ಟಿಯನ್ನು ಸೆಳೆಯಿತು. ಅದರ ಮೇಲೆ 1943 ಎಂಬ ಅಂಕಿಯಿತ್ತು. ಬಣ್ಣ ಮಾತ್ರ ತಾಮ್ರದ್ದು. ನಾಣ್ಯಸಂಗ್ರಹದಲ್ಲಿ ಆಸಕ್ತನಾಗಿದ್ದ ಆ ಬಾಲಕನಿಗೆ ಇದು ಸೋಜಿಗವೆನಿಸಿತು.

ಏಕೆಂದರೆ ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷ ತಾಮ್ರವು ಯುದ್ಧಸಾಮಗ್ರಿಗೆ ಅತ್ಯಗತ್ಯವಾಗಿತ್ತು. ಆದುದರಿಂದ ಸೆಂಟ್‌ಗಳನ್ನು ಸತುವಿನ ಲೇಪವುಳ್ಳ ಉಕ್ಕಿನಿಂದ ಅಚ್ಚುಹಾಕಲಾಗಿತ್ತು. ಹಾಗಾದರೆ ಈ ತಾಮ್ರದ ನಾಣ್ಯ ಬಂದುದಾದರೂ ಎಲ್ಲಿಂದ?

ಟಂಕಸಾಲೆಯಲ್ಲಿ ಲೋಹದ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಬಲವಾಗಿ ಒತ್ತುತ್ತಾರೆ. ಬಿಲ್ಲೆ ಪಕ್ಕಕ್ಕೆ ಸರಿದರೆ ಚಿತ್ರ ಪೂರ್ಣವಾಗಿ ಮೂಡುವುದಿಲ್ಲ. ಅಚ್ಚಿನಲ್ಲಿಯೇ ದೋಷವಿದ್ದರೆ ಅಕ್ಷರಗಳು ಜೋಡಿಜೋಡಿಯಾಗಿ ಕಾಣುತ್ತವೆ. 1955ರ ಕೆಲವು ಸೆಂಟ್‌ಗಳು ಹೀಗಿವೆ. ಹಿಂದಿನ ವರ್ಷ ಉಳಿದಿದ್ದ ಕೆಲವೇ ತಾಮ್ರಮಿಶ್ರ ಬಿಲ್ಲೆಗಳು 1943ರಲ್ಲಿ ಉಕ್ಕಿನವುಗಳೊಡನೆ ಯಂತ್ರವನ್ನು ಸೇರಿರಬೇಕೆಂದು ತಜ್ಞರು ಹೇಳುತ್ತಾರೆ.

ಬಾಲಕನು ಸರ್ಕಾರದ ಖಜಾನೆ ಇಲಾಖೆಯನ್ನು ವಿಚಾರಿಸಿದನು. ಆ ವರ್ಷ ತಾಮ್ರದ ಸೆಂಟ್‌ಗಳನ್ನು ಅಚ್ಚುಹಾಕಿಯೇ ಇಲ್ಲವೆಂಬ ಉತ್ತರ ಬಂದಿತು. ಅಂತಹ ನಾಣ್ಯ ತಂದವರಿಗೆ ಮೋಟಾರು ಕಂಪನಿಯೊಂದು ಹೊಸ ಕಾರು ಕೊಡುವುದೆಂಬ ವದಂತಿಯಿತ್ತು. ವಿಚಾರಿಸಿದಾಗ ಅದೂ ಸುಳ್ಳೆಂದು ತಿಳಿಯಿತು. ಆದರೂ ಅವನು ನಾಣ್ಯವನ್ನು ಜೋಪಾನವಾಗಿ ತೆಗೆದಿರಿಸಿದನು.

ಇಂತಹ ನಾಣ್ಯ ಸಿಕ್ಕಿದೊಡನೆ ಹಿಗ್ಗುವುದು ಸರಿಯಲ್ಲ, ಪರೀಕ್ಷಿಸಬೇಕು. ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟು ವಂಚಿಸುವವರುಂಟು. ಅಯಸ್ಕಾಂತವನ್ನು ಹತ್ತಿರ ತಂದರೆ ಅದು ಅಂಟಿಕೊಂಡು ಗುಟ್ಟು ರಟ್ಟಾಗುತ್ತದೆ. 1948ರ ನಾಣ್ಯದ 8ನ್ನು ಕೆರೆದು 3 ಮಾಡುವವರೂ ಉಂಟು. ಅಲ್ಲಿ ಅಯಸ್ಕಾಂತ ನೆರವಾಗದು, ಭೂತಗನ್ನಡಿಯೇ ಬೇಕು.

ಚಿಲ್ಲರೆಯನ್ನು ಹೀಗೆ ಪರಿಶೀಲಿಸಲು ಮುಂದೆ ಮತ್ತೊಂದು ಕಾರಣವೂ ಒದಗಿತು. ಅಮೆರಿಕದ ಹತ್ತು ಮತ್ತು ಇಪ್ಪತ್ತೈದು ಸೆಂಟಿನ ನಾಣ್ಯಗಳಲ್ಲಿ 1964ರವರೆಗೆ ನೂರಕ್ಕೆ 90 ಭಾಗ ಬೆಳ್ಳಿಯಿತ್ತು. 1965ರ ಕಾನೂನಿನಂತೆ ಅದರ ಬದಲು ತಾಮ್ರದ ತಿರುಳಿಗೆ ತಾಮ್ರ-ನಿಕಲ್ ಮಿಶ್ರಲೋಹದ ಹೊದಿಕೆ ಬಂದಿತು. ಎರಡರ ಮುಖಬೆಲೆಯೂ ಒಂದೇ ಆದುದರಿಂದ ಜನರು ಹೊಸದನ್ನು ಖರ್ಚುಮಾಡಿ ಬೆಳ್ಳಿಯದನ್ನು ಬಚ್ಚಿಟ್ಟರು. ಕೆಲವೇ ವರ್ಷಗಳಲ್ಲಿ ಬೆಳ್ಳಿಯ ನಾಣ್ಯಗಳು ಚಲಾವಣೆಯಿಂದ ಬಹುಮಟ್ಟಿಗೆ ಮರೆಯಾದವು. ಅಪರೂಪಕ್ಕೆ ಒಂದು ಸಿಕ್ಕರೆ ಅಂಚನ್ನು ನೋಡಿ ಗುರುತಿಸಬಹುದು: ಹೊಸದರ ಅಂಚಿನಲ್ಲಿ ತಾಮ್ರದ ಕೆಂಪುಗೆರೆ ಕಾಣುತ್ತದೆ, ಬೆಳ್ಳಿಯದರಲ್ಲಿ ಇಲ್ಲ.

ಪಿಟ್ಸ್‌ಫೀಲ್ಡಿನ ಆ ನಾಣ್ಯವು ನೈಜವೆಂಬುದು ಮುಂದೆ ಖಚಿತವಾಯಿತು. ಅದನ್ನು ಕಂಡುಕೊಂಡವನು ಸುಮಾರು ಎಪ್ಪತ್ತು ವರ್ಷ ಅದನ್ನು ಕಾಪಾಡಿಕೊಂಡು, 2018ರಲ್ಲಿ ತೀರಿಕೊಂಡನು. 2019ರ ಜನವರಿಯಲ್ಲಿ ಅದು ಹರಾಜಿನಲ್ಲಿ 2,04,000 ಡಾಲರುಗಳಿಗೆ ಮಾರಾಟವಾಯಿತು. ಆ ಹಣವು ಅವನ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಮೀಸಲಾಯಿತು.

ಅವನನ್ನು ಸೇರುವ ಮೊದಲು ಆ ನಾಣ್ಯ ಎಷ್ಟೋ ಕೈಗಳನ್ನು ದಾಟಿರಬೇಕು. ಉಳಿದವರು ಅದನ್ನು ಎಣಿಸಿದರು, ಅವನು ನೋಡಿದನು.